ಮೂಳೆಯಲ್ಲಿ ಕೂತ ಸೀಸ, ಇಳಿವಯಸ್ಸಿನ ಮರೆವು

ನಮ್ಮ ದೊಡ್ಡಪ್ಪ 31 ವರ್ಷ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚು ಹಾಕುವ ಲೋಹದ ಅಕ್ಷರ, ಜೋಡಿಸಿದವರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ, ಸ್ಕೂಲಿನ ಪ್ರಶ್ನೆಪತ್ರಿಕೆ, ಎಲ್ಲವನ್ನೂ ಒಂದೊಂದೇ ಅಕ್ಷರ ಹೆಕ್ಕಿ ಕಟ್ಟಿದವರು. ಈಗ ಅವರಿಗೆ 81. ಬೆಳಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಒಂದೇ ಪ್ರಶ್ನೆ ಮೂರು ಸಲ ಕೇಳುತ್ತಾರೆ. ಆದರೆ ಸುಮ್ನೆ ಕೂತಾಗ ಅವರ ಬಲಗೈ ಬೆರಳುಗಳು ಏನನ್ನೋ ಹೆಕ್ಕಿ ಎಡಗೈಗೆ ಇಡುತ್ತಿರುತ್ತವೆ. ಯಾವ ಗೂಡಿನಲ್ಲಿ ಯಾವ ಅಕ್ಷರ, ಒತ್ತಕ್ಷರ ಎಲ್ಲಿ ಅನ್ನುವುದನ್ನು ಕೈ ಇನ್ನೂ ಮರೆತಿಲ್ಲ.

ಕಳೆದ ವರ್ಷ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಿ.ಪಿ. ಕೇಳಿದರು, ಸಕ್ಕರೆ ಕಾಯಿಲೆ ಕೇಳಿದರು, ನಿದ್ದೆ ಕೇಳಿದರು, ಬೀಡಿ ಸಿಗರೇಟು ಕೇಳಿದರು. "ಏನು ಕೆಲಸ ಮಾಡ್ತಿದ್ರಿ?" ಅಂತ ಮಾತ್ರ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅದನ್ನು ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು. ಅಚ್ಚುಮೊಳೆಯಲ್ಲಿ ಹೆಚ್ಚಿನ ಪಾಲು ಸೀಸವೇ. ಗಟ್ಟಿ ಬರಲಿ ಅಂತ ಸ್ವಲ್ಪ ಆಂಟಿಮನಿ, ಸ್ವಲ್ಪ ತವರ ಸೇರಿಸುತ್ತಿದ್ದರು, ಅಷ್ಟೇ.

ದೊಡ್ಡಪ್ಪನ ಮರೆವಿಗೆ ಸೀಸವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನನ್ನು ಮುಂದೆ ಕೂರಿಸಿಕೊಂಡು ಹಾಗೆ ಹೇಳಲು ಯಾವ ಡಾಕ್ಟರಿಂದಲೂ ಆಗದು. ಆದರೆ ಹರೆಯದಲ್ಲಿ ಮೈಗೆ ಸೇರಿದ ಸೀಸ ಮುಪ್ಪಿನವರೆಗೂ ಒಳಗೇ ಕೂತಿರುತ್ತದೆ, ಮುಪ್ಪಿನಲ್ಲಿ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಇದು ಖಚಿತವಾಗಿ ಗೊತ್ತಿರುವ ವಿಷಯ. ಹಾಗಾಗಿ ವಯಸ್ಸಾದವರ ನೆನಪಿನ ಬಗ್ಗೆ ಮಾತಾಡುವಾಗ ಅವರ ಹಳೆಯ ಕೆಲಸದ ಬಗ್ಗೆಯೂ ಕೇಳಲೇಬೇಕು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪೆನ್ಸಿಲ್ಲಿಗೆ ನಾವು ಸೀಸದಕಡ್ಡಿ ಅನ್ನುತ್ತೇವೆ. ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಗ್ರಾಫೈಟ್, ಅಂದರೆ ಇಂಗಾಲ. ನಿಜವಾದ ಸೀಸ ಇರುವುದು ಯು.ಪಿ.ಎಸ್. ಬ್ಯಾಟರಿಯಲ್ಲಿ, ಹಳೆ ಕಿಟಕಿಯ ಬಣ್ಣದಲ್ಲಿ, ರೇಡಿಯೊ ರಿಪೇರಿಯವರ ಬೆಸುಗೆ ತಂತಿಯಲ್ಲಿ, ಅಚ್ಚುಮೊಳೆಯಲ್ಲಿ.

ಮೊಳೆ ಮುಟ್ಟಿದ ಮಾತ್ರಕ್ಕೆ ಸೀಸ ಚರ್ಮದೊಳಗೆ ಇಳಿಯುವುದಿಲ್ಲ. ಅದು ಹೋಗುವುದು ಬಾಯಿಯಿಂದ, ಇಲ್ಲವೇ ಉಸಿರಿನಿಂದ. ಪ್ರೆಸ್ಸಿನಲ್ಲಿ ಎರಡಕ್ಕೂ ದಾರಿ ಇತ್ತು. ಮೊಳೆ ಇಡುವ ಕೇಸಿನ ಗೂಡುಗಳಲ್ಲಿ ಬೂದು ಬಣ್ಣದ ನುಣ್ಣನೆ ಧೂಳು ಕೂತಿರುತ್ತಿತ್ತು. ಅದನ್ನು ಬಾಯಲ್ಲಿ ಊದಿ ತೆಗೆಯುತ್ತಿದ್ದರು. ಬೆರಳ ತುದಿ ಕಪ್ಪಗಿರುತ್ತಿತ್ತು. ಆ ಕೈಯಲ್ಲೇ ಟೀ ಲೋಟ, ಆ ಕೈಯಲ್ಲೇ ಬೀಡಿ, ಒರೆಸಿಕೊಂಡ ಕೈಯಲ್ಲೇ ಬುತ್ತಿ. ಸವೆದ ಮೊಳೆಗಳನ್ನು ಕರಗಿಸಿ ಹೊಸದು ಎರಕ ಹೊಯ್ಯುವ ಕಡೆಯಂತೂ ಹೊಗೆಯೇ ನೇರವಾಗಿ ಮೂಗಿಗೆ. "ಬೆಲ್ಲ, ಬಾಳೆಹಣ್ಣು ತಿಂದ್ರೆ ಸೀಸ ಏನೂ ಮಾಡಲ್ಲ ಅಂತಿದ್ರು" ಅಂತ ದೊಡ್ಡಪ್ಪ ಹಿಂದೆ ಹೇಳುತ್ತಿದ್ದರು. ಆ ಮಾತಿನಲ್ಲಿ ಒಂದು ಚೂರು ನಿಜ ಇದೆ. ಖಾಲಿ ಹೊಟ್ಟೆಯಲ್ಲಿ ಕರುಳು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಹೊಟ್ಟೆಯಲ್ಲಿ ಊಟ ಇದ್ದರೆ ಕಡಿಮೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮೈ ಇನ್ನೂ ಜಾಸ್ತಿ ಹೀರುತ್ತದೆ. ಆದರೆ ಒಳಗೆ ಸೇರಿ ಮೂಳೆಯಲ್ಲಿ ಕೂತದ್ದನ್ನು ಬೆಲ್ಲವಾಗಲಿ ಬಾಳೆಹಣ್ಣಾಗಲಿ ಹೊರಗೆ ತೆಗೆಯಲಾರವು.

ಮೂಳೆಯಲ್ಲಿ ಯಾಕೆ ಕೂರುತ್ತದೆ? ನಮ್ಮ ಮೈಗೆ ಸೀಸ ಯಾವುದಕ್ಕೂ ಬೇಕಾಗಿಲ್ಲ. ಅದನ್ನು ಗುರುತಿಸುವ ಉಪಾಯವೂ ಮೈಗೆ ಗೊತ್ತಿಲ್ಲ. ಸೀಸ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಬರುತ್ತದೆ. ಮೈ ಅದನ್ನು ಕ್ಯಾಲ್ಸಿಯಂ ಅಂದುಕೊಂಡು, ಕ್ಯಾಲ್ಸಿಯಂ ಇಡುವ ಜಾಗದಲ್ಲೇ ಇಡುತ್ತದೆ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆಯದು ಹಾಗಲ್ಲ. ಮೊಣಕಾಲ ಚಿಪ್ಪಿನಂಥ ಮೆತ್ತನೆ ಮೂಳೆಯಲ್ಲಿ ವರ್ಷಗಟ್ಟಲೆ, ಮೊಣಕಾಲ ಕೆಳಗಿನ ಮುಂಗಾಲಿನಂಥ ಗಟ್ಟಿ ಮೂಳೆಯಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ದೊಡ್ಡವರ ಮೈಯಲ್ಲಿರುವ ಒಟ್ಟು ಸೀಸದಲ್ಲಿ 100ಕ್ಕೆ 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲೇ ಇರುತ್ತದೆ.

ಮೂಳೆ ಅಂದರೆ ಕಲ್ಲಿನ ಹಾಗೆ ಒಮ್ಮೆ ಕಟ್ಟಿ ಬಿಟ್ಟದ್ದು ಅಂತ ಅನಿಸುತ್ತದೆ ಅಲ್ವಾ? ಅದು ಹಾಗಿಲ್ಲ. ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಳ್ಳಿಯ ಹಗೇವು ನೆನಪಿಸಿಕೊಳ್ಳಿ. ಸುಗ್ಗಿಯಲ್ಲಿ ರಾಗಿ ತುಂಬಿ ಮುಚ್ಚುತ್ತಿದ್ದರು, ಬರ ಬಂದಾಗ ತೆಗೆಯುತ್ತಿದ್ದರು. ಮೂಳೆಯೂ ಕ್ಯಾಲ್ಸಿಯಂನ ಹಗೇವು. ಹರೆಯದಲ್ಲಿ ತುಂಬಿಕೊಳ್ಳುತ್ತದೆ. ವಯಸ್ಸಾದಂತೆ ತುಂಬುವುದು ಕಡಿಮೆಯಾಗಿ ತೆಗೆಯುವುದು ಜಾಸ್ತಿಯಾಗುತ್ತದೆ. ಕಾಳಿನ ಜೊತೆ ಹಗೇವಿಗೆ ವಿಷ ಸೇರಿದ್ದರೆ? ತೆಗೆದಾಗ ಅದೂ ಜೊತೆಗೇ ಮೇಲೆ ಬರುತ್ತದೆ.

ಹೆಂಗಸರಲ್ಲಿ ಈ ಹಗೇವು ಬೇಗ ತೆರೆಯುತ್ತದೆ. ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಸವೆಯುವುದು ಬಹಳ ಜೋರು. 1976ರಿಂದ 1980ರವರೆಗೆ ಅಮೆರಿಕದಲ್ಲಿ ನಡೆದ ದೊಡ್ಡ ಆರೋಗ್ಯ ಸಮೀಕ್ಷೆಯ ಲೆಕ್ಕ ತೆಗೆದು ನೋಡಿದಾಗ, ಮುಟ್ಟು ನಿಂತ ಹೆಂಗಸರ ರಕ್ತದಲ್ಲಿ ಸೀಸ ಏರಿದ್ದು ಕಂಡಿತು. ಅವರು ಯಾವ ಕಾರ್ಖಾನೆಯಲ್ಲೂ ದುಡಿದವರಾಗಿರಬೇಕಿಲ್ಲ. ಸೊಂಟ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರೂ ಮೂಳೆ ಕರಗುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಅಷ್ಟೇ. ಬಿದ್ದು ಮಲಗಿದ ಅಜ್ಜಿಗೆ ಆಮೇಲೆ ಮಂಕು ಕವಿಯಿತು ಅನ್ನುವುದನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಅದಕ್ಕೆ ಹತ್ತು ಕಾರಣ ಇರಬಹುದು. ಹಳೆಯ ಸೀಸ ಅದರಲ್ಲಿ ಒಂದಾಗಿರಲೂಬಹುದು.

ಇಲ್ಲಿ ಅಳತೆಯ ಬಗ್ಗೆ ಒಂದು ಮಾತು. ರಕ್ತದ ಸೀಸವನ್ನು ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ ಅಳೆಯುತ್ತಾರೆ. ಡೆಸಿಲೀಟರ್ ಅಂದರೆ 100 ಮಿಲಿಲೀಟರ್, ಒಂದು ಸಣ್ಣ ಲೋಟ. 5 ಮೈಕ್ರೋಗ್ರಾಂ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಒಬ್ಬ ಮನುಷ್ಯನ ಮೈಯಲ್ಲಿ 5 ಲೀಟರ್ ರಕ್ತ ಅಂದುಕೊಂಡರೆ ಒಟ್ಟು 250 ಮೈಕ್ರೋಗ್ರಾಂ ಆಯಿತು, ಅಂದರೆ ಕಾಲು ಮಿಲಿಗ್ರಾಂ. ಊಟದ ಮೇಜಿನ ಮೇಲಿನ ಪುಡಿ ಉಪ್ಪಿನ ನಾಲ್ಕೈದು ಹರಳು ಬೆರಳಿಗೆ ಅಂಟಿಸಿಕೊಂಡು ನೋಡಿ. ಮೈ ತುಂಬ ಹರಿಯುವ ರಕ್ತದಲ್ಲಿ ಅಷ್ಟು ತೂಕದ ಸೀಸ ಇದ್ದರೂ ಲೆಕ್ಕಕ್ಕೆ ಬರುತ್ತದೆ. ಇಷ್ಟಿದ್ದರೆ ಅಪಾಯವೇ ಇಲ್ಲ ಅನ್ನುವಂಥ ಮಟ್ಟ ಈವರೆಗೆ ಸಿಕ್ಕಿಲ್ಲ.

ಇನ್ನು ಮಿದುಳಿನ ಕಡೆಗೆ ಬರೋಣ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಕ್ಯಾಲ್ಸಿಯಂನ ನೆರವಿನಿಂದಲೇ. ಸೀಸ ಅಲ್ಲೂ ಅದೇ ವೇಷದಲ್ಲಿ ನುಗ್ಗುತ್ತದೆ. ಹೊಸದನ್ನು ಕಲಿತು ನೆನಪಿಡುವ ಕೆಲಸಕ್ಕೆ ಬೇಕಾದ ಸಂಪರ್ಕಗಳು ಸಡಿಲಾಗುತ್ತವೆ. ಇನ್ನೊಂದು ದಾರಿ ರಕ್ತನಾಳದ್ದು. ಸೀಸ ಬಿ.ಪಿ. ಏರಿಸುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ವರ್ಷಗಟ್ಟಲೆ ಏರಿದ ಬಿ.ಪಿ. ಮಿದುಳಿನ ಸಣ್ಣ ನಾಳಗಳನ್ನು ಹಾಳು ಮಾಡುತ್ತದೆ. ಮರೆವಿನ ಕಾಯಿಲೆಗೆ ಅದು ದೊಡ್ಡ ಕಾರಣ. ಅಂದರೆ ಸೀಸ ಒಂದು ಬಾಗಿಲಿನಿಂದ ನೇರವಾಗಿ, ಇನ್ನೊಂದು ಬಾಗಿಲಿನಿಂದ ಸುತ್ತು ಹಾಕಿ ಬರುತ್ತದೆ.

ಇದೆಲ್ಲ ಗೊತ್ತಾದದ್ದು ಹೇಗೆ ಅನ್ನುವುದೂ ತಿಳಿಯಬೇಕಾದ ಕತೆಯೇ. ಅಮೆರಿಕದ ಬಾಸ್ಟನ್‌ನಲ್ಲಿ 1963ರಲ್ಲಿ ಮಾಜಿ ಸೈನಿಕರ ಮೇಲೆ ಒಂದು ದೀರ್ಘ ಅಧ್ಯಯನ ಶುರುವಾಯಿತು. ಮನುಷ್ಯ ಹೇಗೆ ಮುದುಕನಾಗುತ್ತಾನೆ ಅಂತ ನೋಡುವುದು ಅದರ ಉದ್ದೇಶ. 90ರ ದಶಕದಲ್ಲಿ ಅವರ ಮೊಣಕಾಲ ಚಿಪ್ಪು ಮತ್ತು ಮುಂಗಾಲ ಮೂಳೆಯ ಸೀಸವನ್ನು ಎಕ್ಸ್‌-ರೇ ಬಗೆಯ ಒಂದು ಯಂತ್ರದಿಂದ ಅಳೆದರು. ಸೂಜಿ ಇಲ್ಲ, ಕೊಯ್ಯುವುದಿಲ್ಲ, ಕಾಲು ಚಾಚಿ ಅಲ್ಲಾಡದೆ ಕೂತರಾಯಿತು. ಆಮೇಲೆ ವರ್ಷಗಳ ಕಾಲ ನೆನಪು, ಲೆಕ್ಕ, ಚಿತ್ರ ನೋಡಿ ಬರೆಯುವುದು, ಇಂಥ ಪರೀಕ್ಷೆಗಳನ್ನು ಮಾಡುತ್ತಾ ಹೋದರು. ಮೂಳೆಯಲ್ಲಿ ಸೀಸ ಜಾಸ್ತಿ ಇದ್ದವರ ಅಂಕಗಳು ಬೇಗ ಬೇಗ ಇಳಿದವು. ಅವರು ಯಾರೂ ಸೀಸದ ಕಾರ್ಖಾನೆಯಲ್ಲಿ ದುಡಿಯಲೇಬೇಕಿರಲಿಲ್ಲ. ಆಗ ಸೀಸ ಬೆರೆಸುತ್ತಿದ್ದ ಪೆಟ್ರೋಲಿನ ಹೊಗೆ, ಮನೆಯ ಬಣ್ಣ, ನೀರಿನ ಪೈಪು ಇಷ್ಟೇ ಸಾಕಾಗಿತ್ತು.

ಕಾರ್ಖಾನೆಯಲ್ಲಿ ದುಡಿದವರ ಕತೆ ಬೇರೆ. ಪೆಟ್ರೋಲಿಗೆ ಹಾಕುತ್ತಿದ್ದ ಸೀಸ ತಯಾರಿಸುತ್ತಿದ್ದ 500ಕ್ಕೂ ಹೆಚ್ಚು ಮಂದಿ ಮಾಜಿ ಕೆಲಸಗಾರರನ್ನು ಅಮೆರಿಕದ ಸಂಶೋಧಕರು ಹಿಂಬಾಲಿಸಿ, 2000ದಲ್ಲಿ ಫಲಿತಾಂಶ ಹೇಳಿದರು. ಅವರೆಲ್ಲ ಆ ಕೆಲಸ ಬಿಟ್ಟು ಸರಾಸರಿ 16 ವರ್ಷ ಆಗಿತ್ತು. ಆದರೂ ಅವರ ನೆನಪು, ಕೈಯ ಚುರುಕು ಇನ್ನೂ ಇಳಿಯುತ್ತಲೇ ಇತ್ತು. ಮೂಳೆಯಲ್ಲಿ ಸೀಸ ಜಾಸ್ತಿ ಇದ್ದವರ ಮಿದುಳು ತಮ್ಮ ವಯಸ್ಸಿಗಿಂತ ಐದು ವರ್ಷ ಹಿರಿಯರ ಹಾಗೆ ನಡೆದುಕೊಳ್ಳುತ್ತಿತ್ತು. ಇದನ್ನು ಓದಿದಾಗ ನನಗೆ ನಿಜವಾಗಿ ಎದೆ ಧಸಕ್ಕೆಂದಿತು. ಕೆಲಸ ಬಿಟ್ಟರೆ ಅದರ ತೊಂದರೆಯೂ ಬಿಟ್ಟಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ.

"ಬಡವರಿಗೆ ಸೀಸವೂ ಜಾಸ್ತಿ, ಓದೂ ಕಡಿಮೆ, ಮರೆವಿಗೆ ಬಡತನವೇ ಕಾರಣ ಇರಬಹುದಲ್ಲ?" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನ ಡ್ಯುನೀಡಿನ್ ಊರಿನಲ್ಲಿ. ಅಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. 11ನೇ ವಯಸ್ಸಿನಲ್ಲಿ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದ ಸೀಸ ಅಳೆದಿದ್ದರು. ಆ ಊರಿನಲ್ಲಿ ಬಡವ, ಶ್ರೀಮಂತ ಅನ್ನದೆ ಎಲ್ಲರೂ ಒಂದೇ ಪೆಟ್ರೋಲಿನ ಹೊಗೆ ಕುಡಿದಿದ್ದರು. 38ನೇ ವಯಸ್ಸಿನಲ್ಲಿ ನೋಡಿದರೆ, ಚಿಕ್ಕಂದಿನಲ್ಲಿ ಸೀಸ ಜಾಸ್ತಿ ಇದ್ದವರ ಬುದ್ಧಿಮಟ್ಟದ ಅಂಕ ಅವರ ಬಾಲ್ಯದ ಅಂಕಕ್ಕಿಂತ ಕೆಳಗೆ ಸರಿದಿತ್ತು. 45ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಅನ್ನುವ ಭಾಗ ಅಂಥವರಲ್ಲಿ ಚಿಕ್ಕದಿತ್ತು. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಆ ವ್ಯತ್ಯಾಸ ಒಬ್ಬೊಬ್ಬರಲ್ಲಿ ಸಣ್ಣದು. ಆದರೆ ಅವರಿಗಿನ್ನೂ ಮುಪ್ಪೇ ಬಂದಿಲ್ಲ.

ಕೋತಿಗಳ ಮೇಲಿನ ಒಂದು ಕೆಲಸ ಇನ್ನೂ ಗಾಢವಾದದ್ದು. ಮರಿಗಳಾಗಿದ್ದಾಗ ಸುಮಾರು 400 ದಿನ ಮಾತ್ರ ಸೀಸ ತಿಂದ ಕೋತಿಗಳ ಮಿದುಳನ್ನು ಅವುಗಳ 23ನೇ ವಯಸ್ಸಿನಲ್ಲಿ ನೋಡಿದರು. 2008ರಲ್ಲಿ ಹೊರಬಂದ ಫಲಿತಾಂಶ: ಆಲ್‌ಝೈಮರ್ಸ್ ಕಾಯಿಲೆಯಲ್ಲಿ ಕಾಣುವ ಅಮಿಲಾಯ್ಡ್ ಅನ್ನುವ ಪ್ರೋಟೀನಿನ ಗಂಟುಗಳು ಅವುಗಳಲ್ಲಿ ಜಾಸ್ತಿ ಇದ್ದವು.

ಹಾಗಂತ ಮರೆವಿಗೆಲ್ಲ ಸೀಸವೇ ಕಾರಣ ಅಂತ ಹೊರಡಬಾರದು. ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ ಕಾರಣವಾಗುವ, ನಾವು ತಡೆಯಬಹುದಾದ 14 ವಿಷಯಗಳ ಪಟ್ಟಿಯನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ, ಗಾಳಿಯ ಮಾಲಿನ್ಯ ಎಲ್ಲ ಅದರಲ್ಲಿವೆ. ಸೀಸಕ್ಕೆ ಅದರಲ್ಲಿ ಬೇರೆ ಜಾಗ ಇಲ್ಲ. ಸೀಸದಿಂದ ನೆನಪಿನ ಅಂಕ ಇಳಿಯುತ್ತದೆ ಅನ್ನುವುದಕ್ಕೆ ಇರುವ ಪುರಾವೆ ಗಟ್ಟಿ. ಅದರಿಂದಲೇ ಡಿಮೆನ್ಷಿಯಾ ಬರುತ್ತದೆ ಅನ್ನುವ ಪುರಾವೆ ಇನ್ನೂ ಕೂಡಿಬರುತ್ತಿದೆ. ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇವರೆಲ್ಲ ಸೀಸದ ಪೆಟ್ರೋಲಿನ ಕಾಲದಲ್ಲಿ ಬದುಕಿದವರು. ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಆಟೊ ಓಡಿಸಿದವರು, ಸರ್ಕಲ್ಲಿನಲ್ಲಿ ನಿಂತು ಸೀಟಿ ಊದಿದವರು, ರಸ್ತೆ ಬದಿ ಹೂ ಮಾರಿದವರು ಹತ್ತಾರು ವರ್ಷ ಆ ಹೊಗೆಯಲ್ಲಿದ್ದರು.

ಈ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರ ಇದೆ. ಭಾರತದ ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ದೊಡ್ಡ ಮಟ್ಟದಲ್ಲಿ ಅಳೆದದ್ದು ಇಲ್ಲಿನ ಜಾರ್ಜ್ ಫೌಂಡೇಶನ್. 1999ರಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆಸಿ ಅದನ್ನು ಮುಂದಿಟ್ಟರು. ಪರೀಕ್ಷೆಗೆ ಸಿಕ್ಕ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕಾಗಿ ದಶಕಗಳ ಕಾಲ ಓಡಾಡಿದರು. ಜನ ಅವರನ್ನು ಭಾರತದ ಲೆಡ್ ಮ್ಯಾನ್, ಸೀಸದ ಮನುಷ್ಯ, ಅಂತಲೇ ಕರೆದರು. ಆಗ ಹತ್ತು ವರ್ಷದ ಮಗು ಈಗ 35 ದಾಟಿದೆ. ಅದರ ಹಗೇವು ತುಂಬಿದೆ, ಇನ್ನೂ ತೆರೆದಿಲ್ಲ.

ಹೊಸ ಸೀಸ ಮೈಗೆ ಹೋಗುವುದನ್ನು ನಿಲ್ಲಿಸುವುದು ಮೊದಲ ಕೆಲಸ. ಹಳೆ ಮನೆಯ ಕಿಟಕಿ ಬಾಗಿಲಿಗೆ ಪೇಂಟ್ ಮಾಡಿಸುವಾಗ ಉಪ್ಪುಕಾಗದದಲ್ಲಿ ಒಣಗಿದ್ದನ್ನೇ ಉಜ್ಜುತ್ತಾರಲ್ಲ, ಆ ಧೂಳು ಕೆಟ್ಟದ್ದು. ಒದ್ದೆ ಮಾಡಿ ಉಜ್ಜಿಸಿ, ಆ ದಿನ ವಯಸ್ಸಾದವರನ್ನೂ ಮಕ್ಕಳನ್ನೂ ಬೇರೆ ಕಡೆ ಇರಿಸಿ. ಮನೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ., ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಳೆಯ ಬಣ್ಣವನ್ನು ನಂಬುವ ಹಾಗಿಲ್ಲ. ಯು.ಪಿ.ಎಸ್. ಬ್ಯಾಟರಿ ಹಳತಾದರೆ ಅಂಗಡಿಗೇ ವಾಪಸ್ ಕೊಡಿ, ಒಡೆದು ಸೀಸ ಕರಗಿಸುವವರ ಕೈಗೆ ಹೋಗಬಾರದು. ಕಲಾಯಿ ಹಾಕುವುದು ತವರದಿಂದ. ಅಗ್ಗಕ್ಕೆ ಅಂತ ಅದರಲ್ಲಿ ಸೀಸ ಬೆರೆಸಿದ್ದರೆ ಹುಣಸೆಹುಳಿ ಬಿದ್ದ ಸಾರಿಗೆ ಅದು ಇಳಿಯುತ್ತದೆ. ಕಣ್ಣು ಕೋರೈಸುವ ಹಳದಿಯ ಬಿಡಿ ಅರಿಶಿನಪುಡಿ ಬೇಡ. ಬಾಂಗ್ಲಾದೇಶದಲ್ಲಿ ಬಣ್ಣ ಬರಲಿ ಅಂತ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಅನ್ನುವ ಸೀಸದ ಬಣ್ಣ ಬೆರೆಸುತ್ತಿದ್ದದ್ದು 2019ರಲ್ಲಿ ಬಯಲಾಯಿತು. ಸರ್ಕಾರ ದಾಳಿ ಮಾಡಿ, ದಂಡ ಹಾಕಿದ ಮೇಲೆ ಎರಡೇ ವರ್ಷದಲ್ಲಿ ಅದು ಬಹುತೇಕ ನಿಂತುಹೋಯಿತು. ಮನಸ್ಸು ಮಾಡಿದರೆ ಆಗುತ್ತದೆ.

ವಯಸ್ಸಾದವರ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಔಷಧಿಯದ್ದು. ನಾಗಭಸ್ಮ ಅಂದರೆ ಸೀಸದ ಭಸ್ಮ. ಮಂಡಿ ನೋವಿಗೆ, ಶಕ್ತಿಗೆ ಅಂತ ಹೆಸರಿಲ್ಲದ ಪೊಟ್ಟಣದ ಪುಡಿ, ಗುಳಿಗೆ ತರಿಸಿಕೊಳ್ಳುವ ಹಿರಿಯರು ನಮ್ಮ ಮನೆಗಳಲ್ಲಿ ಎಷ್ಟೊಂದು ಜನ ಇದ್ದಾರೆ. ಬಾಸ್ಟನ್‌ನಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅದು 2004ರ ಮಾತು. ಪೊಟ್ಟಣದ ಮೇಲೆ ಏನಿದೆ ಅಂತ ಬರೆದಿಲ್ಲದಿದ್ದರೆ ದಯವಿಟ್ಟು ಬೇಡ ಅನ್ನಿ.

ಮೂಳೆಯಲ್ಲಿ ಆಗಲೇ ಕೂತಿರುವ ಸೀಸಕ್ಕೆ ಏನು ಮಾಡುವುದು? ಅದನ್ನು ಅಲ್ಲೇ ಇರಿಸಿಕೊಳ್ಳುವುದೇ ಜಾಣತನ. ಅಂದರೆ ಮೂಳೆ ಸವೆಯದ ಹಾಗೆ ನೋಡಿಕೊಳ್ಳಬೇಕು. ದಿನವೂ ನಡಿಗೆ, ಬಿಸಿಲು, ಹಾಲು ಮೊಸರು, ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಧಾನ್ಯಗಳು ಹತ್ತಿರವೂ ಬರುವುದಿಲ್ಲ. 50 ದಾಟಿದ ಹೆಂಗಸರು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಬೇಕು. ಬೀಳದ ಹಾಗೆ ಬಚ್ಚಲಿನಲ್ಲಿ ಒಂದು ಹಿಡಿಕೆ ಹಾಕಿಸಿದರೆ ಅದೂ ಸೀಸದ ವಿರುದ್ಧದ ಕೆಲಸವೇ.

"ಮೈಯಲ್ಲಿರೋ ಸೀಸ ತೆಗೀತೀವಿ" ಅಂತ ಡ್ರಿಪ್ ಹಾಕುವ ಜಾಹೀರಾತು ನೋಡಿದರೆ ಹುಷಾರು. ಕೀಲೇಶನ್ ಅನ್ನುವ ಈ ಚಿಕಿತ್ಸೆ ರಕ್ತದಲ್ಲಿ ಸೀಸ ಬಹಳ ಏರಿದವರಿಗೆ ಜೀವ ಉಳಿಸುವಂಥದ್ದು. ಆದರೆ ಹೋದ ನೆನಪನ್ನು ವಾಪಸ್ ತಂದುಕೊಡುವ ಚಿಕಿತ್ಸೆ ಅದಲ್ಲ. ಅಮೆರಿಕದಲ್ಲಿ 780 ಮಕ್ಕಳಿಗೆ ಕೀಲೇಶನ್ ಮಾತ್ರೆ ಅಥವಾ ಔಷಧಿಯೇ ಇಲ್ಲದ ಬರಿಯ ಮಾತ್ರೆ ಕೊಟ್ಟು ಹೋಲಿಸಿ ನೋಡಿದರು. 2001ರಲ್ಲಿ ಬಂದ ಫಲಿತಾಂಶದ ಪ್ರಕಾರ ರಕ್ತದ ಸೀಸ ಇಳಿಯಿತು, ಬುದ್ಧಿಮಟ್ಟದ ಅಂಕ ಏರಲಿಲ್ಲ. ವಯಸ್ಸಾದವರ ಮೂತ್ರಪಿಂಡಕ್ಕೆ ಸುಮ್ನೆ ಇಂಥ ಹೊರೆ ಯಾಕೆ?

ಮನೆಯ ಹಿರಿಯರು ಬ್ಯಾಟರಿ, ಬೆಸುಗೆ, ಪೇಂಟಿಂಗ್, ಎರಕ, ಪ್ರೆಸ್, ಗ್ಯಾರೇಜು ಇಂಥ ಕಡೆ ವರ್ಷಗಟ್ಟಲೆ ದುಡಿದಿದ್ದರೆ ಡಾಕ್ಟರಿಗೆ ನೀವೇ ಹೇಳಿ. ಎಷ್ಟು ವರ್ಷ, ಯಾವಾಗ ಬಿಟ್ಟರು ಅಂತಲೂ ಹೇಳಿ. ಕಾರಣ ಗೊತ್ತಾಗದ ರಕ್ತಹೀನತೆ, ಹೊಟ್ಟೆ ಹಿಂಡುವ ನೋವು, ಮೂತ್ರಪಿಂಡದ ತೊಂದರೆ, ಮಣಿಕಟ್ಟು ಸೋಲುವುದು, ಇದ್ದಕ್ಕಿದ್ದಂತೆ ಜಾಸ್ತಿಯಾದ ಮಂಕು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ರಕ್ತದ ಸೀಸ ಪರೀಕ್ಷೆ ಕೇಳಿ. ಮೂಳೆಯ ಸೀಸ ಅಳೆಯುವ ಯಂತ್ರ ಸಂಶೋಧನೆಗೆ ಮಾತ್ರ, ಆಸ್ಪತ್ರೆಗಳಲ್ಲಿ ಸಿಗುವಂಥದ್ದಲ್ಲ. ರಕ್ತದ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಹಳೆಯದು ಏನೂ ಇಲ್ಲ ಅಂತ ಅರ್ಥವಲ್ಲ. ಜಾಸ್ತಿ ಬಂದರೆ ಮಾತ್ರ ಈಗ ಎಲ್ಲಿಂದಲೋ ಇಳಿಯುತ್ತಿದೆ ಅಂತ ಹುಡುಕಲು ಹೊರಡಬಹುದು.

ದೊಡ್ಡಪ್ಪನನ್ನು ಎರಡನೇ ಸಲ ಕರೆದುಕೊಂಡು ಹೋದಾಗ ನಾನೇ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಮೊಳೆ ಜೋಡಿಸ್ತಿದ್ರಾ? ಕೈಯಲ್ಲೇ?" ಅಂತ ದೊಡ್ಡಪ್ಪನನ್ನೇ ಕೇಳಿದರು. ದೊಡ್ಡಪ್ಪ ನೆಟ್ಟಗೆ ಕೂತು, "ಹೂಂ ಸಾರ್, ಗಂಟೆಗೆ ಎಷ್ಟು ಸಾಲು ಬೇಕಾದ್ರೂ" ಅಂದರು. ಬಿ.ಪಿ. ಮಾತ್ರೆ ಬದಲಾಯಿತು, ಮೂಳೆ ಸಾಂದ್ರತೆಗೆ ಮತ್ತು ರಕ್ತದ ಸೀಸಕ್ಕೆ ಚೀಟಿ ಬರೆದರು. ಈಗ ಅವರ ಫೈಲಿನ ಮೊದಲ ಪುಟದಲ್ಲಿ ಬಿ.ಪಿ., ಥೈರಾಯ್ಡ್, ಕಣ್ಣಿನ ಪೊರೆಯ ಕೆಳಗೆ ಒಂದು ಸಾಲು ಹೊಸದಾಗಿ ಸೇರಿದೆ: ಹಿಂದಿನ ಕೆಲಸ, ಅಚ್ಚುಮೊಳೆ, 31 ವರ್ಷ.